ಖಾಲಿ ಡಬ್ಬಿಗೂ ಒಂದು ಬೆಲೆ ಇರಲಿ

2016ರ ಸೆಪ್ಟೆಂಬರ್ ತಿಂಗಳು. ಹಿಮಾಚಲ ಪ್ರದೇಶದ ಪಾರ್ವತಿ ಕಣಿವೆಯ ತುದಿಯಲ್ಲಿರುವ ಮಂತಲಾಯಿ ಸರೋವರದ ಬಳಿ ಗುಡಾರದ ಹಗ್ಗ ಬಿಗಿಯಲು ಕಲ್ಲು ಹುಡುಕುತ್ತಿದ್ದೆ. ಒಂದು ಚಪ್ಪಟೆ ಕಲ್ಲನ್ನು ಎತ್ತಿದಾಗ ಅದರಡಿ ತುಕ್ಕು ಹಿಡಿದ ಎರಡು ತಗಡಿನ ಡಬ್ಬಿಗಳು ಕಂಡವು. ಚಾರಣಿಗರು ಒಲೆಗೆ ಜೋಡಿಸಿಕೊಳ್ಳುವ ಸಣ್ಣ ಗ್ಯಾಸ್ ಡಬ್ಬಿಗಳು. ಬಣ್ಣ ಉದುರಿತ್ತು, ಪಕ್ಕದಲ್ಲಿ ತೂತು ಬಿದ್ದಿತ್ತು. ಯಾರೋ ಹೊಣೆಗೇಡಿಗಳು ಬಿಟ್ಟುಹೋಗಿದ್ದಾರೆ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತ ಒಂದನ್ನು ತಿರುಗಿಸಿ ನೋಡಿದೆ. ತಳದಲ್ಲಿ ಮೊಳೆಯಿಂದ ಗೀಚಿದ ಒಂದು ಅಂಕಿ ಇತ್ತು. ಅದು ಕನ್ನಡದ ನಾಲ್ಕು.

ಆ ಅಂಕಿಯನ್ನು ಗೀಚಿದವನು ನಾನೇ. ಎಂಟು ವರ್ಷಗಳ ಹಿಂದೆ, 2008ರಲ್ಲಿ, ಬೆಂಗಳೂರಿನ ನಾಲ್ವರು ಸ್ನೇಹಿತರು ಒಬ್ಬ ಸ್ಥಳೀಯ ಮಾರ್ಗದರ್ಶಕನೊಡನೆ ಇದೇ ದಾರಿಯಲ್ಲಿ ಪಿನ್ ಪಾರ್ವತಿ ಕಣಿವೆಮಾರ್ಗವನ್ನು ದಾಟಿ ಸ್ಪಿತಿಯ ಮುದ್ ಹಳ್ಳಿಗೆ ಇಳಿದಿದ್ದೆವು. ಹತ್ತು ದಿನಗಳ ನಡಿಗೆಗೆಂದು ಮನಾಲಿಯಲ್ಲಿ ಎಂಟು ಡಬ್ಬಿಗಳನ್ನು ಕೊಂಡಿದ್ದೆವು. ಎಷ್ಟು ಮುಗಿದಿದೆ, ಎಷ್ಟು ಉಳಿದಿದೆ ಎಂಬ ಲೆಕ್ಕ ತಪ್ಪಬಾರದೆಂದು, ಖಾಲಿಯಾದ ಪ್ರತಿ ಡಬ್ಬಿಯ ತಳದಲ್ಲೂ ನಾನು ಒಂದು, ಎರಡು, ಮೂರು ಎಂದು ಬರೆಯುತ್ತ ಬಂದಿದ್ದೆ. ಮಂತಲಾಯಿ ತಲುಪುವ ಹೊತ್ತಿಗೆ ನಾಲ್ಕು ಖಾಲಿಯಾಗಿದ್ದವು. ಮುಂದೆ 5,319 ಮೀಟರ್ ಎತ್ತರದ ಏರು. ಬೆನ್ನಿನ ಭಾರವನ್ನು ಗ್ರಾಂ ಲೆಕ್ಕದಲ್ಲಿ ತಗ್ಗಿಸಬೇಕೆನಿಸುವ ಹೊತ್ತು. ನಾಲ್ಕೂ ಡಬ್ಬಿಗಳನ್ನು ಕಲ್ಲಿನಡಿ ಸೇರಿಸಿ ಮುಂದೆ ನಡೆದೆವು. ಒಟ್ಟು ತೂಕ ಆರು ನೂರು ಗ್ರಾಂ ಇದ್ದೀತು.

ಈ ತಪ್ಪೊಪ್ಪಿಗೆಯನ್ನು ಪತ್ರಿಕೆಯಲ್ಲಿ ಬರೆಯುವ ಅಗತ್ಯವೇನಿತ್ತು ಎಂದು ಯಾರಾದರೂ ಕೇಳಬಹುದು. ಅಗತ್ಯವನ್ನು ಕಲಿಸಿದವನು ಅದೇ 2008ರ ನಡಿಗೆಯಲ್ಲಿ ಕಂಡ ಒಬ್ಬ ಹೊರೆಯಾಳು. ನಮ್ಮ ಹಿಂದೆಯೇ ಬರುತ್ತಿದ್ದ ಒಂದು ದೊಡ್ಡ ತಂಡದ ಅಡುಗೆ ಸಾಮಗ್ರಿ ಅವನ ಬೆನ್ನ ಮೇಲಿತ್ತು. ಅದರಲ್ಲಿ ಐದು ಕೆ.ಜಿ. ಅನಿಲ ತುಂಬುವ ಉಕ್ಕಿನ ಸಿಲಿಂಡರೂ ಒಂದು. ಮುದ್ ಹಳ್ಳಿಗೆ ಇಳಿಯುವ ದಿನ ಅದು ಬರಿದಾಗಿತ್ತು. ಆದರೂ ಅದನ್ನು ಹಗ್ಗದಿಂದ ಬಿಗಿದು ಹೊತ್ತುಕೊಂಡೇ ಕಣಿವೆಮಾರ್ಗವನ್ನು ದಾಟಿ ಬಂದಿದ್ದ. ಅಂಥ ಸಿಲಿಂಡರಿನ ಖಾಲಿ ಉಕ್ಕೇ ಒಳಗಿನ ಅನಿಲಕ್ಕಿಂತ ಭಾರ. ‘ಖಾಲಿಯಾದದ್ದನ್ನು ಯಾಕೆ ಹೊರುತ್ತೀ’ ಎಂದು ಕೇಳಿದೆ. ‘ಬಿಟ್ಟು ಬಂದರೆ ಠೇವಣಿ ಹೋಗುತ್ತದೆ ಸಾಬ್, ಠೇಕೇದಾರ ನನ್ನ ಕೂಲಿಯಲ್ಲಿ ಹಿಡಿಯುತ್ತಾನೆ’ ಎಂದ. ಆ ಮಾತು ಅಂದು ನನ್ನನ್ನು ಚುಚ್ಚಲಿಲ್ಲ. ಎಂಟು ವರ್ಷದ ನಂತರ ನನ್ನದೇ ಕೈಬರಹ ಎದುರಾದಾಗ ಚುಚ್ಚಿತು. ಓದುಬರಹ ಬಲ್ಲ, ಪರಿಸರದ ಬಗ್ಗೆ ಭಾಷಣ ಮಾಡಬಲ್ಲ ನಾಲ್ವರಿಗೆ ಭಾರವಾದದ್ದು ಆರು ನೂರು ಗ್ರಾಂ. ಆ ಕೂಲಿಯಾಳು ಕೆ.ಜಿ.ಗಟ್ಟಲೆ ಉಕ್ಕನ್ನು ಹೊತ್ತು ತಂದಿದ್ದ. ಅವನ ಸಿಲಿಂಡರಿಗೆ ಖಾಲಿಯಾದ ಮೇಲೂ ಬೆಲೆಯಿತ್ತು, ನಮ್ಮ ಡಬ್ಬಿಗೆ ಇರಲಿಲ್ಲ. ವ್ಯತ್ಯಾಸವಿದ್ದದ್ದು ಅಷ್ಟೇ.

ಇದನ್ನು ಓದಿ, ಹಾಗಾದರೆ ಗ್ಯಾಸ್ ಒಲೆಯೇ ಬೇಡ, ಹಿಂದಿನವರಂತೆ ಮೂರು ಕಲ್ಲಿಟ್ಟು ಸೌದೆ ಉರಿಸುವುದೇ ಸರಿ ಎಂಬ ತೀರ್ಮಾನಕ್ಕೆ ಯಾರೂ ಬರಬಾರದು. ಸೌದೆಯ ಕಥೆ ಇದಕ್ಕಿಂತ ದುಃಖದ್ದು.

1974ರ ಮಾರ್ಚ್ 26ರಂದು ಇಂದಿನ ಉತ್ತರಾಖಂಡದ ರೈಣಿ ಗ್ರಾಮದಲ್ಲಿ ಗೌರಾದೇವಿ ಮತ್ತು ಅವರ ಸಂಗಾತಿಗಳು ಮರಗಳಿಗೆ ಅಡ್ಡ ನಿಂತು ಗುತ್ತಿಗೆದಾರನ ಕೊಡಲಿಗಳನ್ನು ಹಿಂದಕ್ಕೆ ಕಳುಹಿಸಿದರು. ಚಿಪ್ಕೊ ಎಂದೊಡನೆ ನೆನಪಾಗುವ ಘಟನೆ ಅದು. ಅದೇ ಪ್ರೇರಣೆ 1983ರಲ್ಲಿ ನಮ್ಮ ಶಿರಸಿ ಸೀಮೆಯಲ್ಲಿ ಅಪ್ಪಿಕೊ ಚಳವಳಿಯಾಗಿ ಚಿಗುರಿತು. ರೈಣಿ ಇರುವುದು ನಂದಾದೇವಿ ಪರ್ವತದ ಕಣಿವೆಯ ಬಾಗಿಲಲ್ಲಿ. ಅಲ್ಲಿನ ಹೆಂಗಸರು ಮರ ಉಳಿಸಿಕೊಂಡ ವರ್ಷವೇ ಆ ಕಣಿವೆಯ ಒಳಭಾಗ ವಿದೇಶಿ ಪರ್ವತಾರೋಹಿಗಳಿಗೆ ತೆರೆದುಕೊಂಡಿತು. ಮುಂದಿನ ಕೆಲವೇ ವರ್ಷಗಳಲ್ಲಿ ತಂಡದ ಮೇಲೆ ತಂಡ ಬಂದವು. ಅವುಗಳ ಅಡುಗೆಮನೆಗಳಿಗೆ ಬೇಕಾದ ಸೌದೆಯನ್ನು ಅಲ್ಲಿನ ಭೂರ್ಜ ಮತ್ತು ಜ್ಯೂನಿಪರ್ ಪೊದೆಗಳೇ ಒದಗಿಸಿದವು. ಕಸವೂ ಗುಡ್ಡೆಬಿತ್ತು. 1982ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಆ ಬಳಿಕ ಪರ್ವತಾರೋಹಿಗಳಿಗೂ ಚಾರಣಿಗರಿಗೂ ಒಳಭಾಗದ ಬಾಗಿಲು ಮುಚ್ಚಿತು. ಗುತ್ತಿಗೆದಾರನ ಕೊಡಲಿಯಿಂದ ಉಳಿದ ಕಾಡಿಗೆ ಪ್ರಕೃತಿಪ್ರೇಮಿಗಳ ಒಲೆ ಮುಳುವಾಯಿತು ಎಂಬುದು ಸಣ್ಣ ವಿಪರ್ಯಾಸವಲ್ಲ.

ಗಂಗೋತ್ರಿಯಿಂದ ಗೋಮುಖಕ್ಕೆ ಹೋಗುವ ದಾರಿಯಲ್ಲಿ ಭೋಜಬಾಸಾ ಎಂಬ ತಾಣವಿದೆ. ಭೂರ್ಜವೃಕ್ಷಗಳ ನೆಲೆ ಎಂಬುದರಿಂದ ಬಂದ ಹೆಸರು. ನಮ್ಮ ಪೂರ್ವಿಕರು ತೊಗಟೆಯ ಮೇಲೆ ಗ್ರಂಥ ಬರೆಯುತ್ತಿದ್ದ ಮರ ಇದೇ. ಯಾತ್ರಿಕರ ಚಹಾದಂಗಡಿಗೆ, ಚಳಿ ಕಾಯಿಸುವ ಬೆಂಕಿಗೆ ಉರಿದು ಉರಿದು, ಹೆಸರಿನಲ್ಲಿರುವ ಮರ ಊರಿನಲ್ಲಿ ಅಪರೂಪವಾಯಿತು. 1981ರಲ್ಲಿ ನಂದಾದೇವಿ ಶಿಖರವನ್ನೇರಿದ ಹರ್ಷವಂತಿ ಬಿಷ್ಟ್ ಅವರು ಬಳಿಕ ಇದೇ ಸೀಮೆಯಲ್ಲಿ ಭೂರ್ಜದ ಸಸಿಗಳನ್ನು ನೆಟ್ಟು ಬೆಳೆಸುವ ಕಾಯಕಕ್ಕೆ ಇಳಿದರು. 2021ರಲ್ಲಿ ಭಾರತೀಯ ಪರ್ವತಾರೋಹಣ ಪ್ರತಿಷ್ಠಾನದ ಅಧ್ಯಕ್ಷರಾದ ಮೊದಲ ಮಹಿಳೆ ಎಂಬ ಗೌರವ ಅವರಿಗೆ ಸಂದಿತು. ಶಿಖರವೇರಿದ್ದಕ್ಕಿಂತ ಸಸಿ ನೆಟ್ಟದ್ದೇ ಅವರ ದೊಡ್ಡ ಸಾಧನೆ ಎಂಬುದು ನನ್ನ ಎಣಿಕೆ. ಪಿನ್ ಪಾರ್ವತಿಯ ಹಾದಿಯಲ್ಲೂ ತುಂಡಾ ಭುಜ್ ಎಂಬ ಬಿಡಾರವಿದೆ. ಅಲ್ಲಿಯ ಭುಜ್ ಕೂಡ ಭೂರ್ಜವೇ. ಅದನ್ನು ದಾಟಿದ ಮೇಲೆ ಮರವೆಂಬುದು ತೆಳುವಾಗುತ್ತ ಹೋಗಿ, ಕೊನೆಗೆ ನೆಲಕ್ಕಂಟಿದ ಪೊದೆಯಷ್ಟೇ ಉಳಿಯುತ್ತದೆ. ಆ ಎತ್ತರದಲ್ಲಿ ಬೆರಳು ಗಾತ್ರದ ಕೊಂಬೆಯೂ ದಶಕಗಳ ಸಂಪಾದನೆ. ಒಂದು ಸಂಜೆಯ ಚಹಾಕ್ಕೆ ಅದನ್ನು ಉರಿಸುವುದೆಂದರೆ ಅಜ್ಜನ ಉಳಿತಾಯವನ್ನು ಒಂದೇ ರಾತ್ರಿಯಲ್ಲಿ ಕರಗಿಸಿದಂತೆ.

ಲೆಕ್ಕವನ್ನೂ ನೋಡೋಣ. ಒಂದು ಕೆ.ಜಿ. ಒಣಸೌದೆಯಲ್ಲಿರುವ ಶಾಖಶಕ್ತಿ ಒಂದು ಕೆ.ಜಿ. ಅಡುಗೆ ಅನಿಲದಲ್ಲಿರುವುದರ ಮೂರನೆಯ ಒಂದು ಭಾಗದಷ್ಟು. ಅದರ ಮೇಲೆ ಮೂರು ಕಲ್ಲಿನ ಬಯಲು ಒಲೆಯಲ್ಲಿ ಪಾತ್ರೆಗೆ ತಲುಪುವುದು ಉರಿಯ ಹತ್ತನೆಯ ಒಂದು ಭಾಗ ಮಾತ್ರ. ಮಿಕ್ಕದ್ದೆಲ್ಲ ಗಾಳಿಯ ಪಾಲು. ಗಾಳಿಗೆ ಮರೆಮಾಡಿದ ಗ್ಯಾಸ್ ಒಲೆಯಲ್ಲಿ ಅರ್ಧದಷ್ಟಾದರೂ ಪಾತ್ರೆಗೆ ಸಿಗುತ್ತದೆ. ಎಂದರೆ ಒಂದು ಕೆ.ಜಿ. ಅನಿಲ ಮಾಡುವ ಕೆಲಸಕ್ಕೆ ಹದಿನಾಲ್ಕು, ಹದಿನೈದು ಕೆ.ಜಿ. ಸೌದೆ ಬೇಕು. ನಮ್ಮ ಎಂಟು ಡಬ್ಬಿಗಳಲ್ಲಿದ್ದ ಅನಿಲ ಸುಮಾರು 1,800 ಗ್ರಾಂ. ಅದಿಲ್ಲದಿದ್ದರೆ ನಮ್ಮ ಅನ್ನ, ಸಾರು, ಚಹಾಗಳಿಗಾಗಿ ಆ ಬೋಳು ಕಣಿವೆಯಿಂದ ಇಪ್ಪತ್ತೈದು ಕೆ.ಜಿ.ಗೂ ಹೆಚ್ಚು ಸೌದೆಯನ್ನು ನಾವು ಕಿತ್ತುಕೊಳ್ಳಬೇಕಾಗಿತ್ತು. ಇದು ಒಂದು ಸಣ್ಣ ತಂಡದ, ಒಂದೇ ನಡಿಗೆಯ ಬಾಬತ್ತು. ಆದ್ದರಿಂದ ದೀರ್ಘ ಚಾರಣಕ್ಕೆ ಹೊರಟವರು ಒಲೆಯನ್ನೂ ಇಂಧನವನ್ನೂ ತಾವೇ ಹೊತ್ತೊಯ್ಯಬೇಕೆಂಬ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಅದಕ್ಕೂ ಒಂದು ವಿದ್ಯೆ ಬೇಕು. ಮನೆಯ ಅಡುಗೆಮನೆಯಲ್ಲಿ ಗುಂಡಿ ತಿರುಗಿಸಿ ಅಭ್ಯಾಸವಾದವರಿಗೆ ಬೆಟ್ಟದ ಒಲೆ ಬೇರೆಯೇ ಪಾಠ ಹೇಳುತ್ತದೆ. ಬರಿಯ ಬ್ಯೂಟೇನ್ ತುಂಬಿದ ಡಬ್ಬಿ ಹಿಮಬಿಂದುವಿನ ಹತ್ತಿರಕ್ಕೆ ಬಂದರೆ ಮುಷ್ಕರ ಹೂಡುತ್ತದೆ. ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ ಅದು ಅನಿಲವಾಗದೆ ದ್ರವವಾಗಿಯೇ ಉಳಿಯಬಯಸುತ್ತದೆ. ಐಸೊಬ್ಯೂಟೇನ್ ಮೈನಸ್ ಹನ್ನೆರಡರವರೆಗೆ, ಪ್ರೊಪೇನ್ ಮೈನಸ್ ನಲವತ್ತೆರಡರವರೆಗೆ ಅನಿಲವಾಗಬಲ್ಲವು. ಚಳಿಯ ಸೀಮೆಗೆ ಇವುಗಳ ಮಿಶ್ರಣವೇ ತಕ್ಕದ್ದು. ಉರಿಯುತ್ತಿರುವಾಗ ಡಬ್ಬಿ ತಾನೇ ತಣ್ಣಗಾಗುತ್ತ ಹೋಗುವುದರಿಂದ, ರಾತ್ರಿ ಅದನ್ನು ಹೊದಿಕೆಯೊಳಗೆ ಇಟ್ಟುಕೊಂಡು ಮಲಗುವುದು ಅನುಭವಿಗಳ ವಾಡಿಕೆ. ಇನ್ನು ಎತ್ತರಕ್ಕೆ ಹೋದಂತೆ ನೀರು ಬೇಗ ಕುದಿಯುತ್ತದೆ, ಆದರೆ ಬೇಳೆ ಬೇಯುವುದಿಲ್ಲ. ನಾಲ್ಕು ಸಾವಿರ ಮೀಟರಿನಲ್ಲಿ ನೀರು 87 ಡಿಗ್ರಿಗೇ ಕೊತಕೊತ ಎನ್ನುತ್ತದೆ. ಕುದಿಯುವ ನೀರಿನಲ್ಲಿ ಗಂಟೆಗಟ್ಟಲೆ ತೊಗರಿಬೇಳೆಯನ್ನಿಟ್ಟು ಅನಿಲ ಸುಡುವ ಬದಲು ಒಂದೂವರೆ ಲೀಟರಿನ ಪುಟ್ಟ ಪ್ರೆಶರ್ ಕುಕ್ಕರ್ ಹೊತ್ತೊಯ್ಯುವುದು ಜಾಣತನ. ಅದರ ಭಾರವನ್ನು ಉಳಿದ ಅನಿಲವೇ ತೀರಿಸುತ್ತದೆ. ಹಿಮವನ್ನು ಕರಗಿಸಿ ಕುದಿಸುವುದಾದರೆ ತಣ್ಣೀರನ್ನು ಕುದಿಸುವುದಕ್ಕೆ ಬೇಕಾದುದರ ಎರಡರಷ್ಟು ಶಾಖ ಬೇಕು. ಹರಿಯುವ ನೀರು ಸಿಗುವಲ್ಲಿಯೇ ತುಂಬಿಸಿಕೊಳ್ಳುವುದು ಲೇಸು.

ಎರಡು ಅಪಾಯಗಳನ್ನು ಹೇಳದೆ ಮುಂದೆ ಹೋಗಲಾರೆ. ಗಾಳಿಗೆ ಮರೆ ಬೇಕೆಂದು ಒಲೆಯನ್ನೂ ಡಬ್ಬಿಯನ್ನೂ ಒಟ್ಟಿಗೆ ತಗಡಿನಿಂದ ಸುತ್ತಿದರೆ ಡಬ್ಬಿ ಕಾಯ್ದು ಸಿಡಿಯಬಹುದು. ಚಳಿಯೆಂದು ಗುಡಾರದ ಬಾಗಿಲು ಮುಚ್ಚಿ ಒಳಗೆ ಒಲೆ ಉರಿಸಿದರೆ ಬಣ್ಣ, ವಾಸನೆ ಯಾವುದೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಉಸಿರು ತೆಗೆಯಬಲ್ಲದು.

ಇಲ್ಲಿಯವರೆಗಿನ ಮಾತು ಹಿಮಾಲಯದ್ದು. ಕರ್ನಾಟಕದ ಬೆಟ್ಟಗಳಲ್ಲಿ ಇದೇ ಒಲೆ ಬೇರೆ ಪ್ರಶ್ನೆಯನ್ನು ಎತ್ತುತ್ತದೆ. ಪಶ್ಚಿಮಘಟ್ಟದ ನೆತ್ತಿಯ ಹುಲ್ಲುಗಾವಲುಗಳು ಜನವರಿ ದಾಟಿದರೆ ಒಣಗಿ ಬಂಗಾರದ ಬಣ್ಣಕ್ಕೆ ತಿರುಗುತ್ತವೆ. ನೋಡಲು ಸೊಗಸು, ಕಿಡಿ ಬಿದ್ದರೆ ಕ್ಷಣದಲ್ಲಿ ಬೂದಿ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಲುಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡರು. ಮರುವರ್ಷದ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟುಹೋಯಿತು. ಅಂಥ ನೆಲದಲ್ಲಿ ಒಲೆ ಸೌದೆಯದೋ ಗ್ಯಾಸಿನದೋ ಎಂಬ ಚರ್ಚೆಗೆ ಅರ್ಥವಿಲ್ಲ. ಒಂದು ಬೆಂಕಿಕಡ್ಡಿಯೂ ಹೆಚ್ಚೇ. ಅಭಯಾರಣ್ಯಕ್ಕೆ ಅಪಾಯ ತರುವಂತೆ ಬೆಂಕಿ ಹೊತ್ತಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮು ನಿಷೇಧಿಸುತ್ತದೆ. ಕುಮಾರ ಪರ್ವತಕ್ಕೋ ಕುದುರೆಮುಖಕ್ಕೋ ಒಂದು ದಿನದ ಮಟ್ಟಿಗೆ ಹೋಗುವವರಿಗೆ ಒಲೆಯ ಅಗತ್ಯವೂ ಇಲ್ಲ. ಮೊಸರಲ್ಲಿ ನೆನೆಸಿದ ಅವಲಕ್ಕಿ, ಚಪಾತಿ, ಶೇಂಗಾ ಚಟ್ನಿಪುಡಿ, ಬಾಳೆಹಣ್ಣು, ಇಷ್ಟಿದ್ದರೆ ಸಾಕು. ಬೆಟ್ಟದ ಮೇಲೆ ನಿಂತು ಬಿಸಿಬಿಸಿ ನೂಡಲ್ಸ್ ಮಾಡಿ ಫೋಟೊ ತೆಗೆಸಿಕೊಳ್ಳದಿದ್ದರೆ ಚಾರಣ ಅಪೂರ್ಣ ಎಂದುಕೊಂಡವರಿಗೆ ಇದು ರುಚಿಸದೆ ಹೋಗಬಹುದು. ಒಲೆಯನ್ನು ಎಲ್ಲಿ ಹೊತ್ತಿಸಬಾರದೆಂದು ತಿಳಿಯುವುದೂ ಅದರ ಬಳಕೆಯ ವಿದ್ಯೆಯ ಒಂದು ಭಾಗವೇ.

ಹಾಗಾದರೆ ಹಿಮಾಲಯಕ್ಕೆ ಹೊರಟ ಬೆಂಗಳೂರಿನ ಚಾರಣಿಗನ ಪಾಡೇನು? ಬೇಸಿಗೆಯಲ್ಲೂ ದಸರೆಯ ಆಸುಪಾಸಿನಲ್ಲೂ ನಮ್ಮ ರಾಜ್ಯದಿಂದ ಉತ್ತರಾಖಂಡ, ಹಿಮಾಚಲಗಳತ್ತ ಬೆನ್ನುಚೀಲ ಹೊತ್ತು ಹೊರಡುವ ಯುವಜನರ ಸಂಖ್ಯೆ ಸಣ್ಣದಲ್ಲ. ಅವರು ಮನೆಯಿಂದಲೇ ಡಬ್ಬಿ ಒಯ್ಯುವಂತಿಲ್ಲ. ವಿಮಾನದಲ್ಲಿ ಅದಕ್ಕೆ ಪ್ರವೇಶವಿಲ್ಲ. ಕೈಚೀಲದಲ್ಲೂ ಇಲ್ಲ, ಸಾಮಾನಿನಲ್ಲೂ ಇಲ್ಲ. ರೈಲಿನಲ್ಲೂ ನಿಷಿದ್ಧ. 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನಂತೆ ಅಪಾಯಕಾರಿ ವಸ್ತು ಸಾಗಿಸಿದವರಿಗೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಈ ಕಾನೂನು ಅತಿರೇಕದ್ದೆಂದು ತೋರಿದರೆ 2023ರ ಆಗಸ್ಟ್ 26ರ ಮುಂಜಾವನ್ನು ನೆನೆಯಬೇಕು. ಮದುರೈ ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ಬೋಗಿಯೊಂದರಲ್ಲಿ ಕದ್ದು ತಂದಿದ್ದ ಗ್ಯಾಸ್ ಸಿಲಿಂಡರಿನಿಂದ ಬೆಂಕಿ ಹೊತ್ತಿ ಒಂಬತ್ತು ಮಂದಿ ಸುಟ್ಟು ಸತ್ತರು. ರೈಲಿಗೆ ಗ್ಯಾಸ್ ಬೇಡವೆಂದರೆ ಬೇಡ, ಅಷ್ಟೇ.

ಉಳಿಯುವ ದಾರಿಯೆಂದರೆ ಬೆಟ್ಟದ ಬುಡದ ಪೇಟೆಯಲ್ಲಿ ಕೊಳ್ಳುವುದು. ಮನಾಲಿ, ಲೇಹ್, ಋಷಿಕೇಶಗಳಲ್ಲಿ ಡಬ್ಬಿ ಸಿಗುತ್ತದೆ. ಆದರೆ ಅಂಗಡಿಯಾತ ಕೊಟ್ಟದ್ದು ಹೊಸದೋ, ಮನೆಬಳಕೆಯ ಸಿಲಿಂಡರಿನಿಂದ ಮತ್ತೆ ತುಂಬಿಸಿದ ಹಳೆಯದೋ ಎಂದು ಗುರುತಿಸುವುದು ಸುಲಭವಲ್ಲ. ತೆಳುವಾದ ಈ ತಗಡು ಒಂದೇ ಬಾರಿಯ ಬಳಕೆಗೆಂದು ಮಾಡಿದ್ದು. ಮತ್ತೆ ಮತ್ತೆ ತುಂಬಿದರೆ ಬಾಯಿಯ ವಾಲ್ವ್ ಸವೆಯುತ್ತದೆ, ಅಳತೆ ತಪ್ಪಿ ಹೆಚ್ಚು ತುಂಬಿದರೆ ಬಿಸಿಲಿಗೆ ಉಬ್ಬುತ್ತದೆ. ಒಮ್ಮೆ ನಾನು ಕೊಂಡ ಡಬ್ಬಿಯೊಂದು ಬಸ್ಸಿನಲ್ಲೇ ಸುಯ್ ಎನ್ನತೊಡಗಿ, ಚಾಲಕನನ್ನು ಬೇಡಿ ಬಸ್ಸು ನಿಲ್ಲಿಸಿ, ಬಯಲಿನಲ್ಲಿ ಅದನ್ನು ಬರಿದುಮಾಡಿಕೊಂಡು ಬಂದದ್ದಿದೆ. ಸಹಪ್ರಯಾಣಿಕರ ಆ ಹೊತ್ತಿನ ಮುಖಗಳು ಇನ್ನೂ ಕಣ್ಣಿಗೆ ಕಟ್ಟಿವೆ.

ಸೌದೆ ಕಡಿಯಬೇಡಿ ಎಂದು ನಾವು ಹೇಳುತ್ತೇವೆ, ಸರಿ. ಗ್ಯಾಸ್ ಒಯ್ಯಿರಿ ಎನ್ನುತ್ತೇವೆ, ಅದೂ ಸರಿ. ಆದರೆ ನಂಬಿಕೆಯ ಡಬ್ಬಿ ಎಲ್ಲಿ ಸಿಗಬೇಕು, ಖಾಲಿಯಾದದ್ದು ಎಲ್ಲಿಗೆ ಸೇರಬೇಕು ಎಂಬ ಎರಡು ಪ್ರಶ್ನೆಗಳನ್ನು ಯಾರೂ ತಮ್ಮದೆಂದು ಒಪ್ಪಿಕೊಂಡಿಲ್ಲ. ತಯಾರಕರಿಗೆ ಮಾರಾಟವಾದೊಡನೆ ನಂಟು ಮುಗಿಯಿತು. ಅಂಗಡಿಯವನಿಗೆ ಹಣ ಎಣಿಸಿಕೊಂಡೊಡನೆ ಮುಗಿಯಿತು. ಕೊನೆಗೆ ಎಲ್ಲವೂ ಚಾರಣಿಗನ ಒಳ್ಳೆಯತನದ ಮೇಲೆ ನಿಂತಿದೆ. ಒಳ್ಳೆಯತನ ತಪ್ಪಲಿನಲ್ಲಿ ಧಾರಾಳವಾಗಿರುತ್ತದೆ. ಏರು ಹೆಚ್ಚಿದಂತೆ ಕಡಿಮೆಯಾಗುತ್ತದೆ. ನಾಲ್ಕು ಸಾವಿರ ಮೀಟರಿನಲ್ಲಿ ಅದು ಎಷ್ಟು ಉಳಿದಿರುತ್ತದೆಂಬುದಕ್ಕೆ ನಾನೇ ಸಾಕ್ಷಿ.

ಪರಿಹಾರ ಕಠಿಣವಲ್ಲ, ಹೊಸದೂ ಅಲ್ಲ. ಆ ಹೊರೆಯಾಳಿನ ಬೆನ್ನ ಮೇಲಿದ್ದ ಠೇವಣಿಯೇ ಪರಿಹಾರ. ನೀಲಗಿರಿ ಜಿಲ್ಲೆಯಲ್ಲಿ ಕಾಡಿಗೆ ಎಸೆದ ಮದ್ಯದ ಬಾಟಲಿಗಳ ಗಾಜು ಆನೆಗಳ ಪಾದಕ್ಕೆ ಚುಚ್ಚುತ್ತಿದ್ದಾಗ, ಮದ್ರಾಸ್ ಹೈಕೋರ್ಟಿನ ಸೂಚನೆಯ ಮೇರೆಗೆ 2022ರಲ್ಲಿ ಒಂದು ಕ್ರಮ ಜಾರಿಗೆ ಬಂತು. ಪ್ರತಿ ಬಾಟಲಿಗೆ ಹತ್ತು ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಬಾಟಲಿ ತಂದವರಿಗೆ ಅದನ್ನು ಮರಳಿಸುವುದು. ಅದೇ ವರ್ಷ ಕೇದಾರನಾಥದಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೂ ಹತ್ತು ರೂಪಾಯಿಯ ಇಂಥದೇ ಯೋಜನೆ ಆರಂಭವಾಯಿತು. ಕುಡಿದವನೂ ಬಾಟಲಿ ತಂದುಕೊಡುತ್ತಾನೆಂದರೆ ಚಾರಣಿಗ ತರಲಾರನೆ? ಡಬ್ಬಿಗೆ ಹತ್ತು ರೂಪಾಯಿ ಸಾಲದು. ನೂರೋ ಇನ್ನೂರೋ ಇರಲಿ. ಕೊಂಡ ಊರಿನಲ್ಲೇ ಮರಳಿಸಬೇಕೆಂಬ ನಿರ್ಬಂಧ ಬೇಡ, ಏಕೆಂದರೆ ಚಾರಣಿಗ ಒಂದು ಕಣಿವೆಯಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುತ್ತಾನೆ. ಹಾದಿಯ ಎರಡೂ ತುದಿಗಳಲ್ಲಿರುವ ಅರಣ್ಯ ಚೌಕಿಯೋ, ಪಂಚಾಯಿತಿಯೋ ಅದನ್ನು ಪಡೆದು ಹಣ ಕೊಡಲಿ. ನಾವು ಮರೆತು ಬಿಟ್ಟು ಬಂದದ್ದನ್ನು ಸ್ಥಳೀಯ ಹುಡುಗನೊಬ್ಬ ಆಯ್ದು ತಂದರೆ ಅವನಿಗೂ ನೂರು ರೂಪಾಯಿ ಸಿಗಲಿ. ಆಗ ಕಲ್ಲಿನಡಿಯ ಡಬ್ಬಿ ಕಸವಾಗದೆ ಯಾರದೋ ಅರ್ಧ ದಿನದ ಸಂಪಾದನೆಯಾಗುತ್ತದೆ.

ಈ ಕೆಲಸಕ್ಕೆ ಬೇಕಾದ ಚೌಕಟ್ಟು ನಮ್ಮಲ್ಲೂ ಭಾಗಶಃ ಸಿದ್ಧವಾಗಿದೆ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಸಾವಿರಾರು ಮಂದಿ ಒಟ್ಟಿಗೆ ನೆರೆದ ಚಿತ್ರಗಳು ಕಳವಳ ಹುಟ್ಟಿಸಿದ ಬಳಿಕ ಅರಣ್ಯ ಇಲಾಖೆ ಚಾರಣಕ್ಕೆ ತಡೆಯೊಡ್ಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಒಂದು ಹಾದಿಗೆ ದಿನಕ್ಕೆ 300 ಮಂದಿ ಎಂಬ ಮಿತಿಯೊಡನೆ ಆನ್‌ಲೈನ್ ಬುಕಿಂಗ್ ತಂದಿತು. ಹೆಸರು, ಹಾದಿ, ದಿನ ಎಲ್ಲವೂ ದಾಖಲಾಗುವ ವ್ಯವಸ್ಥೆಯಲ್ಲಿ ಚಾರಣಿಗ ಏನನ್ನು ಒಳಗೆ ಒಯ್ದ, ಏನನ್ನು ಹೊರಗೆ ತಂದ ಎಂದು ಎಣಿಸುವುದು ಇನ್ನೊಂದೇ ಹೆಜ್ಜೆ. ಹಿಮಾಲಯದ ರಾಜ್ಯಗಳು ಪರವಾನಗಿ ಕೊಡುವಾಗ ಇದೇ ಹೆಜ್ಜೆ ಇಡಬಹುದು. ಪರವಾನಗಿ ಕೊಡುವಾಗಲೇ ಇಷ್ಟು ಮಂದಿಗೆ, ಇಷ್ಟು ದಿನಕ್ಕೆ, ಇಷ್ಟು ಡಬ್ಬಿ ಎಂದು ಬರೆದುಕೊಳ್ಳಲಿ. ಡಬ್ಬಿಯಿಲ್ಲದೆ ಹತ್ತು ದಿನದ ಹಾದಿಗೆ ಹೊರಟವನನ್ನು ‘ನಿನ್ನ ಅನ್ನ ಯಾವ ಮರದ ಮೇಲೆ ಬೇಯುತ್ತದಪ್ಪಾ’ ಎಂದೂ ಕೇಳಲಿ.

ಆಕ್ಷೇಪಗಳು ಇಲ್ಲದಿಲ್ಲ. ಬೆಟ್ಟದ ಹಳ್ಳಿಗರು ನಿತ್ಯ ಸೌದೆ ಉರಿಸುವಾಗ ನಾಲ್ಕು ಚಾರಣಿಗರ ಲೆಕ್ಕವೇಕೆ ಎನ್ನುವವರಿದ್ದಾರೆ. ಹಳ್ಳಿಗರದು ಬದುಕು, ನಮ್ಮದು ರಜೆ. ಬದುಕಿಗೆ ಕಾಡು ಕೊಡುವ ಸಾಲವನ್ನು ರಜೆಗೆ ಕೇಳುವ ಹಕ್ಕು ನಮಗಿಲ್ಲ. ಅನಿಲವೂ ನೆಲದಡಿಯಿಂದ ಬಗೆದ ಇಂಧನವೇ, ಡಬ್ಬಿಯೂ ಕಾರ್ಖಾನೆಯದೇ ಎಂಬ ಮಾತಿನಲ್ಲಿ ಸತ್ಯವಿದೆ. ಆದರೆ ನಗರದಲ್ಲಿ ಒಂದು ವಾರಕ್ಕೆ ನಾವು ಸುಡುವ ಪೆಟ್ರೋಲಿನ ಮುಂದೆ ನಾಲ್ಕು ಮಂದಿಯ ಹತ್ತು ದಿನದ ಅನಿಲ ಗಣನೆಗೆ ಬಾರದು. ಬೋಳು ಕಣಿವೆಯ ಒಂದು ಪೊದೆ ಬರುತ್ತದೆ. ಕೊನೆಯದಾಗಿ, ಶಿಬಿರಾಗ್ನಿಯ ಸುತ್ತ ಕುಳಿತು ಹಾಡುವ ಸುಖ ಈ ಬುಸುಗುಡುವ ಯಂತ್ರದಲ್ಲಿ ಎಲ್ಲಿದೆ ಎನ್ನುತ್ತಾರೆ. ನಿಜ, ಇಲ್ಲ. ಆ ಸುಖವನ್ನು ನಾನೂ ಯೌವನದಲ್ಲಿ ಉಂಡಿದ್ದೇನೆ. ಆ ಬೆಂಕಿಗೆ ಸಂದ ಮರಗಳ ಲೆಕ್ಕ ಇಟ್ಟಿಲ್ಲ. ನಡುವೆ ಒಂದು ಲಾಟೀನು ಇಟ್ಟುಕೊಂಡರೂ ಹಾಡು ಹಾಡೇ ಆಗಿರುತ್ತದೆ ಎಂಬುದನ್ನು ತಡವಾಗಿಯಾದರೂ ಕಲಿತಿದ್ದೇನೆ.

ಮಂತಲಾಯಿಯಲ್ಲಿ ಸಿಕ್ಕ ಎರಡು ಡಬ್ಬಿಗಳನ್ನು ಈ ಬಾರಿ ಹೊತ್ತು ತಂದೆ. ತುಕ್ಕಿನಿಂದ ತೂತಾಗಿ ಬರಿಯ ತಗಡಾಗಿದ್ದರಿಂದ ದಾರಿಯಲ್ಲಿ ತೊಡಕಾಗಲಿಲ್ಲ. ಬೆಂಗಳೂರಿಗೆ ಬಂದು ನಮ್ಮ ಬೀದಿಯ ಗುಜರಿಯವನಿಗೆ ಕೊಡಹೋದರೆ ಆತ ಕೈಯಲ್ಲೂ ಮುಟ್ಟಲಿಲ್ಲ. ‘ಗ್ಯಾಸಿನ ಐಟಂ ಬೇಡ ಸಾರ್, ಬ್ಲಾಸ್ಟ್ ಆಗುತ್ತೆ’ ಎಂದ. ತೂತು ತೋರಿಸಿದೆ, ಅಲ್ಲಾಡಿಸಿ ತೋರಿಸಿದೆ. ‘ಇದಕ್ಕೆ ಎಷ್ಟು ಬರುತ್ತೆ ಸಾರ್, ಒಂದು ರೂಪಾಯಿ. ಒಂದು ರೂಪಾಯಿಗೆ ರಿಸ್ಕ್ ಯಾಕೆ’ ಎಂದು ಮುಗಿಸಿದ. ಅವನ ಅರ್ಥಶಾಸ್ತ್ರದಲ್ಲಿ ತಪ್ಪಿರಲಿಲ್ಲ. 2008ರಲ್ಲಿ ಮಂತಲಾಯಿಯ ದಂಡೆಯಲ್ಲಿ ನಾನು ಹಾಕಿದ ಲೆಕ್ಕವೂ ಅದೇ ತಾನೆ?

ಡಬ್ಬಿಗಳು ಈಗಲೂ ನನ್ನ ಪುಸ್ತಕದ ಕಪಾಟಿನ ಮೇಲಿವೆ. ಬಂದವರು ಕೇಳುತ್ತಾರೆ, ಹೇಳುತ್ತೇನೆ. ಒಂದು, ಎರಡು, ಮೂರು, ನಾಲ್ಕು ಎಂದು ಬರೆದದ್ದರಲ್ಲಿ ಮನೆಗೆ ಬಂದದ್ದು ಎರಡು. ಇನ್ನೆರಡು ಪಾರ್ವತಿಯ ದಂಡೆಯಲ್ಲೇ ಎಲ್ಲೋ ಇವೆ. ಅವುಗಳ ಮೇಲೆ ನೂರು ರೂಪಾಯಿ ಬರೆದಿದ್ದರೆ ಇಷ್ಟು ಹೊತ್ತಿಗೆ ಅವೂ ಕೆಳಗಿಳಿದಿರುತ್ತಿದ್ದವು.